ಹತ್ತೊಂಬತ್ತು ದಿನ ಉಪವಾಸ ಬಿದ್ದ ಆಮೆ

ಶಿರಸಿಯ ಜುಲೈ ಗೊತ್ತಲ್ಲ, ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಅಂಥ ಹೊತ್ತಲ್ಲೇ ನಮ್ಮ ಗುಂಡನಿಗೆ ಹುಷಾರು ತಪ್ಪಿತು. ಗುಂಡ ಅಂದರೆ ಆಮೆ. ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುವ ರೆಡ್ ಇಯರ್ಡ್ ಸ್ಲೈಡರ್. ಮೂಗಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಟ, ಈಜುವಾಗ ಒಂದು ಮಗ್ಗುಲಿಗೆ ವಾಲುವುದು. ಪಶುವೈದ್ಯರು ಶ್ವಾಸಕೋಶದ ಸೋಂಕು ಎಂದರು. ಮೂರು ದಿನಕ್ಕೊಂದು ಆ್ಯಂಟಿಬಯಾಟಿಕ್ ಇಂಜೆಕ್ಷನ್, ಅದೂ ಮುಂಗಾಲಿಗೆ. ಹಿಂಗಾಲಿಗೆ ಚುಚ್ಚಿದರೆ ಔಷಧ ಮೈಗೆ ಹರಡುವ ಮೊದಲೇ ಮೂತ್ರಪಿಂಡದ ಕಡೆ ಹೋಗಬಹುದಂತೆ.

ಸೋಂಕು ಇಳಿಯಿತು, ವಾಲುವುದೂ ನಿಂತಿತು. ಊಟ ಮಾತ್ರ ಬೇಡ. ಹುಷಾರಿದ್ದಾಗ 410 ಗ್ರಾಂ ಇದ್ದವನು ಆಯಿಯ ಅಡುಗೆಮನೆ ತಕ್ಕಡಿಯಲ್ಲಿ 371ಕ್ಕೆ ಬಂದಿದ್ದ. (ತಕ್ಕಡಿ ಆಮೇಲೆ ಅಡುಗೆಮನೆಗೆ ವಾಪಸ್ ಹೋಗಲಿಲ್ಲ.)

ಗಾಬರಿಯಲ್ಲಿ ನಾನು ಮಾಡಿದ್ದೆಲ್ಲ ತಪ್ಪು. ಪೆಲೆಟ್ ಹಾಕಿದೆ, ಒಣ ಸಿಗಡಿ ಹಾಕಿದೆ, ಮೂಗಿನ ಮುಂದೆ ಮೀನಿನ ಚೂರು ಆಡಿಸಿದೆ. ಅವನು ಕಣ್ಣು ಮುಚ್ಚಿಕೊಂಡ. ಎಲ್ಲ ಟ್ಯಾಂಕಿನಲ್ಲೇ ಕೊಳೆತು ನೀರು ನಾರಿತು. ನಾಲ್ಕು ದಿನ ಕಳೆದ ಮೇಲೆ ಥರ್ಮಾಮೀಟರ್ ಇಳಿಬಿಟ್ಟು ನೋಡಿದರೆ 22 ಡಿಗ್ರಿ! ಆಮೆಗೆ ಮೈಶಾಖ ಹೊರಗಿನಿಂದಲೇ ಬರಬೇಕು. ತಣ್ಣಗಿದ್ದರೆ ಕರುಳೂ ಮಲಗಿರುತ್ತದೆ, ಹಸಿವು ಎಲ್ಲಿಂದ ಬರಬೇಕು?

ಅಲ್ಲಿಂದ ತಿನ್ನಿಸುವ ಪ್ರಯತ್ನ ಬಿಟ್ಟೆ, ಬಿಸಿ ಮಾಡುವ ಕೆಲಸ ಹಿಡಿದೆ. ಹೀಟರ್ ಹಾಕಿ ದಿನಕ್ಕೊಂದೆರಡು ಡಿಗ್ರಿಯಂತೆ 29ಕ್ಕೆ ತಂದೆ. ನೀರಿನಿಂದ ಮೇಲೆ ಬಂದು ಕೂರಲು ಎರಡು ಇಟ್ಟಿಗೆ, ಮೇಲೊಂದು ಹಂಚು, ಅದರ ಮೇಲೆ ಬಲ್ಬು. ಹಂಚಿನ ಮೇಲೆ 32 ಡಿಗ್ರಿ ಸಿಕ್ಕಿತು. ಜೊತೆಗೆ ಯುವಿಬಿ ಲೈಟು, ಅಂದರೆ ಬಿಸಿಲಲ್ಲಿರುವ ಅತಿನೇರಳೆ ಕಿರಣ ಕೊಡುವ ದೀಪ. ಕಿಟಕಿ ಹತ್ತಿರ ಇಟ್ಟರೆ ಸಾಕು ಅಂದುಕೊಂಡಿದ್ದೆ, ಆದರೆ ಗಾಜು ಯುವಿಬಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆದುಬಿಡುತ್ತದೆ. ನೀರು ಬೆಚ್ಚಗಿದ್ದು ಮೇಲಿನ ಗಾಳಿ ಥಂಡಿ ಇದ್ದರೂ ಉಸಿರಿಗೆ ಕಷ್ಟವೇ. ಹಾಗಾಗಿ ಟ್ಯಾಂಕಿನ ಬಾಯಿ ಮುಕ್ಕಾಲು ಮುಚ್ಚಿದೆ.

ಮಳೆಗಾಲದಲ್ಲಿ ಕರೆಂಟಿನ ಕಥೆ ಬೇರೆ ಹೇಳಬೇಕಾ? ಕರೆಂಟು ಹೋದಾಗಲೆಲ್ಲ ಬಚ್ಚಲ ಹಂಡೆಯ ಬಿಸಿನೀರನ್ನು ಬಾಟಲಿಗೆ ತುಂಬಿ, ಬಿರಡೆ ಹಾಕಿ ಟ್ಯಾಂಕಿನ ಮೂಲೆಯಲ್ಲಿ ನಿಲ್ಲಿಸುತ್ತಿದ್ದೆ. ದಿನಕ್ಕೊಮ್ಮೆ ಬೇಸಿನ್ನಿನಲ್ಲಿ ಉಗುರುಬೆಚ್ಚಗಿನ ನೀರು, ಅವನ ಗದ್ದದವರೆಗೆ ಮಾತ್ರ. ಇಪ್ಪತ್ತು ನಿಮಿಷ. ಐದನೇ ದಿನ ಅದರಲ್ಲೇ ಹಿಕ್ಕೆ ಹಾಕಿದ. ಇಷ್ಟು ಖುಷಿ ನನಗೆ ಪಿಯುಸಿ ಪಾಸಾದಾಗಲೂ ಆಗಿರಲಿಲ್ಲ.

ಹತ್ತೊಂಬತ್ತನೇ ದಿನ ಎರೆಹುಳು ಬಿಟ್ಟೆ. ತೋಟದ್ದಲ್ಲ. ಕೊಳೆರೋಗಕ್ಕೆ ಅಂತ ಅಡಿಕೆಗೆ ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆದಿರುತ್ತೇವೆ, ಆ ಮಣ್ಣಿನ ಹುಳ ಬೇಡ. ಗೊಬ್ಬರದ ತೊಟ್ಟಿಯ ಕೆಂಪು ಹುಳವೂ ಆಗದು, ಅದು ಬಿಡುವ ರಸ ಕೆಟ್ಟ ರುಚಿ. ಮನೆ ಹಿಂದಿನ ಬಾಳೆಬುಡ ಅಗೆದು ತಂದೆ. ಹುಳ ನೀರಲ್ಲಿ ಸುರುಳಿಯಾಡಿತು. ಗುಂಡ ಕತ್ತು ಚಾಚಿದ, ಮೂಗು ತಾಗಿಸಿದ, ಒಂದು ಕ್ಷಣ ಸುಮ್ನೆ ನಿಂತ. ಆಮೇಲೆ ಲಪಕ್ಕನೆ ಹಿಡಿದ. ಮುಂಗಾಲ ಉಗುರಿನಿಂದ ಹುಳದ ಬಾಲ ಹರಿದು ಹರಿದು ನುಂಗಿದ. ಈ ಜಾತಿ ನೀರಿನೊಳಗೇ ನುಂಗಬೇಕು. ಹಂಚಿನ ಮೇಲೆ ಊಟ ಇಟ್ಟು ಕಾದರೆ ಪ್ರಯೋಜನ ಇಲ್ಲ.

ಅವತ್ತು ಒಂದೇ ಹುಳ. ಆಸೆಗೆ ಬಿದ್ದು ಜಾಸ್ತಿ ಹಾಕಲಿಲ್ಲ. ಮರುದಿನ ಬಿಟ್ಟು ಮೂರನೇ ದಿನ ಎರಡು. ಆಮೇಲೆ ನೆನೆಸಿದ ಪೆಲೆಟ್, ದಾಸವಾಳದ ಎಲೆ. ಹಿತ್ತಲ ತುಂಬ ಬಸಳೆ ಇತ್ತು, ಆದರೆ ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಮೈಗೆ ಸೇರದಂತೆ ಹಿಡಿದುಕೊಳ್ಳುತ್ತದೆ. ಅದನ್ನು ನಾವೇ ತಿಂದೆವು.

ಈ ನಡುವೆ ಆಯಿ, "ಪಾಪ, ಹೊಳೆಗೆ ಬಿಟ್ಟು ಬಾರೋ ತಮಾ" ಎಂದಳು. ಬಿಡಬಾರದು. ಇದರ ಮೂಲ ಅಮೆರಿಕದ ಮಿಸಿಸಿಪ್ಪಿ ನದಿಯ ಸೀಮೆ. ನಮ್ಮ ಹೊಳೆಗೆ ಇಳಿದರೆ ಇಲ್ಲಿನ ಆಮೆಗಳ ಜಾಗ, ಊಟ ಎರಡಕ್ಕೂ ಪಾಲುದಾರ, ರೋಗವೂ ದಾಟಬಹುದು.

ಕಾರವಾರದಿಂದ ಅಕ್ಕ ಬರುವಾಗ ಕಡಲತೀರದಲ್ಲಿ ಸಿಕ್ಕ ಕಡಲ ನಾಲಿಗೆ ತಂದಿದ್ದಳು. ಅಂದರೆ ಕಟಲ್‌ಫಿಶ್ ಎಂಬ ಕಡಲಜೀವಿಯ ಒಳಚಿಪ್ಪು, ಆಮೆ ಕಚ್ಚಿ ತಿಂದರೆ ಕ್ಯಾಲ್ಸಿಯಂ ಸಿಗುತ್ತದೆ. ಸಿಹಿನೀರಲ್ಲಿ ಎರಡು ದಿನ ನೆನೆಸಿ, ಒಣಗಿಸಿ, ಗಟ್ಟಿ ಬೆನ್ನು ಕೆತ್ತಿ ತೆಗೆದು ತೇಲಿಬಿಟ್ಟೆ. ಈಗ ಬೆಳಿಗ್ಗೆ ಬಲ್ಬು ಹಾಕಿದ ಸ್ವಲ್ಪ ಹೊತ್ತಿಗೆ ಕರ್ ಕರ್ ಸದ್ದು ಶುರು. ತೂಕ 402. ಇನ್ನೂ ಎಂಟು ಗ್ರಾಂ ಬಾಕಿ.