ಬರ್ಗಂಡಿ ವೈನ್: ನಾನು ಗುಡ್ಡ ಹತ್ತಿ ಕಲಿತ ಬಗೆ

ಫ್ರಾನ್ಸಿನ ಬರ್ಗಂಡಿ ಪ್ರದೇಶದ ವೈನ್ ಬಾಟಲಿಯ ಮೇಲೆ ಸಾಮಾನ್ಯವಾಗಿ ದ್ರಾಕ್ಷಿಯ ಹೆಸರೇ ಇರುವುದಿಲ್ಲ. ಊರು, ತೋಟ, ಮಾಡಿದವರ ಹೆಸರು, ಇಷ್ಟೇ. ದ್ರಾಕ್ಷಿಗೆ ತಲೆ ಕೆಡಿಸಿಕೊಳ್ಳಬೇಡಿ. ಕೆಂಪು ಅಂದರೆ ಹೆಚ್ಚೂಕಡಿಮೆ ಪಿನೋ ನ್ವಾರ್, ಬಿಳಿ ಅಂದರೆ ಶಾರ್ಡೊನೆ. ಗೊತ್ತಾಗಬೇಕಿರುವುದು ನೆಲ. ಅದಕ್ಕೇ ನಾನು ಪುಸ್ತಕ ಪಕ್ಕಕ್ಕಿಟ್ಟು ಬೋನ್ ಊರಿನಲ್ಲಿ ಒಂದು ಸೈಕಲ್ ಬಾಡಿಗೆಗೆ ಹಿಡಿದೆ.

ಬೋನ್‌ನಿಂದ ದಕ್ಷಿಣಕ್ಕೆ ಸಾಂತನೆವರೆಗೆ ತೋಟಗಳ ನಡುವೆಯೇ ಸೈಕಲ್ ದಾರಿಯಿದೆ, 20 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಮೊದಲು ಪೊಮಾರ್, ವೊಲ್ನೆ ಊರುಗಳು. ಈ ಎರಡೂ ಹೆಸರಿನಲ್ಲಿ ಬರುವುದು ಕೆಂಪು ಮಾತ್ರ. ಆಮೇಲೆ ಮರ್ಸೋ, ಅಲ್ಲಿಂದ ಬಿಳಿಯದೇ ರಾಜ್ಯ.

ಪ್ಯುಲಿನಿ ತಲುಪಿದ ಮೇಲೆ ದಾರಿ ಬಿಟ್ಟು ಗುಡ್ಡದ ಕಡೆ ಹತ್ತಿದೆ. ನಿಜವಾದ ಪಾಠ ಅಲ್ಲೇ ಇರೋದು. ಕೆಳಗಿನ ಬಯಲಲ್ಲಿ ಜೇಡಿಮಣ್ಣು ದಪ್ಪ, ನೀರು ಬೇಗ ಇಂಗುವುದಿಲ್ಲ. ಅಲ್ಲಿಯ ವೈನಿಗೆ ಬರೀ 'ಬೂರ್ಗೋನ್' (ಬರ್ಗಂಡಿಯ ಫ್ರೆಂಚ್ ಹೆಸರು) ಎಂಬ ಹೆಸರು. ಸ್ವಲ್ಪ ಮೇಲೆ ಊರಿನ ಹೆಸರು ಹೊತ್ತ ವೈನ್. ಇಳಿಜಾರಿನ ನಡುವೆ ಸುಣ್ಣಕಲ್ಲಿನ ನೆಲ, ನೀರು ಬಸಿದು ಹೋಗುತ್ತದೆ, ಪೂರ್ವದ ಬಿಸಿಲು ಬೀಳುತ್ತದೆ. ಪ್ರೀಮಿಯೆ ಕ್ರೂ (ಊರಿನ ವೈನಿಗಿಂತ ಮೇಲಿನ ದರ್ಜೆ), ಗ್ರಾಂ ಕ್ರೂ (ಎಲ್ಲಕ್ಕಿಂತ ಮೇಲಿನ ದರ್ಜೆ) ತೋಟಗಳು ಅಲ್ಲಿವೆ. ನೆತ್ತಿಗೆ ಹೋದರೆ ಮಣ್ಣು ತೆಳು, ತಂಪು ಜಾಸ್ತಿ, ದರ್ಜೆ ಮತ್ತೆ ಇಳಿಯುತ್ತದೆ. ಹೆಸರಾಂತ ಮೊಂರಾಶೆ ತೋಟ ಇರುವುದೇ ಸುಮಾರು 8 ಹೆಕ್ಟೇರ್. ಅಂದರೆ 20 ಎಕರೆ!

ಇಲ್ಲೊಂದು ಎಚ್ಚರ. 19ನೇ ಶತಮಾನದಲ್ಲಿ ಇಲ್ಲಿನ ಊರುಗಳು ತಮ್ಮ ಹೆಸರಿಗೆ ಪ್ರಸಿದ್ಧ ತೋಟದ ಹೆಸರನ್ನೂ ಸೇರಿಸಿಕೊಂಡವು. ಹಾಗಾಗಿ 'ಪ್ಯುಲಿನಿ-ಮೊಂರಾಶೆ' ಊರಿನ ವೈನ್, ಸುಮ್ನೆ 'ಮೊಂರಾಶೆ' ಗ್ರಾಂ ಕ್ರೂ. ಬೆಲೆಯಲ್ಲಿ ಅಜಗಜಾಂತರ.

ಇನ್ನು ಮಾಡಿದವರು ಯಾರು ಅನ್ನುವುದು. ಫ್ರೆಂಚ್ ಕ್ರಾಂತಿಯಲ್ಲಿ ಮಠಗಳ ತೋಟಗಳನ್ನು ವಶಪಡಿಸಿಕೊಂಡು ಮಾರಿದರು. ನೆಪೋಲಿಯನ್ ಕಾಲದ ಕಾನೂನು ಮಕ್ಕಳಿಗೆಲ್ಲ ಆಸ್ತಿಯಲ್ಲಿ ಪಾಲು ಕೊಟ್ಟಿತು. ನಮ್ಮಲ್ಲಿ ಅಣ್ಣತಮ್ಮಂದಿರು ಹಂಚಿಕೊಂಡ ಹೊಲದ ಹಾಗೆಯೇ ತೋಟಗಳು ತುಂಡಾದವು. ಸನ್ಯಾಸಿಗಳು ಬೆಳೆಸಿದ ಕ್ಲೋ ದ ವೂಜೋ 50 ಹೆಕ್ಟೇರಿನ ಒಂದೇ ತೋಟ, ಇವತ್ತು ಸುಮಾರು 80 ಮಾಲೀಕರು. ಹೆಸರು ಒಂದೇ, ರುಚಿ ಮನೆಗೊಂದು. ನಾನಂತೂ ತೋಟಕ್ಕಿಂತ ಮೊದಲು ಮಾಡಿದವರ ಹೆಸರು ನೋಡುತ್ತೇನೆ.

ರುಚಿ ಕಲಿಯಲು ನಾನು ಹಿಡಿದ ದಾರಿ ಇದು. ಒಬ್ಬರೇ ತಯಾರಕರ, ಒಂದೇ ವರ್ಷದ ಮೂರು ಬಾಟಲಿ: ಬೂರ್ಗೋನ್, ಊರಿನದು, ಪ್ರೀಮಿಯೆ ಕ್ರೂ. ಗೆಳೆಯರೊಂದಿಗೆ ಖರ್ಚು ಹಂಚಿಕೊಂಡು ಒಂದೇ ಸಂಜೆ ಪಕ್ಕಪಕ್ಕ ಇಟ್ಟು ಕುಡಿದೆವು. ಗ್ರಾಂ ಕ್ರೂ ಮೊದಲೇ ಕೊಳ್ಳುವುದು ದುಡ್ಡು ದಂಡ, ಹೋಲಿಸಲು ಏನೂ ಇರುವುದಿಲ್ಲ ಅಲ್ವಾ? ಕೆಂಪನ್ನು 15 ಡಿಗ್ರಿ ಆಸುಪಾಸಿಗೆ ತಣ್ಣಗೆ ಮಾಡಿ. ಬೆಂಗಳೂರಿನ ಕೋಣೆಯ ಸೆಖೆಯಲ್ಲಿ ಮದ್ಯದ ಘಾಟು ಮಾತ್ರ ಮೂಗಿಗೆ ಹೊಡೆಯುತ್ತದೆ. ಇಷ್ಟೂ ದುಬಾರಿ ಅನ್ನಿಸಿದರೆ ಇನ್ನೂ ದಕ್ಷಿಣಕ್ಕೆ ಇಳಿಯಿರಿ. ಬಿಳಿಗೆ ಮಾಕೋನೆ, ಕೆಂಪಿಗೆ ಜಿವ್ರಿ. ನನ್ನ ಮನೆಯಲ್ಲಿ ಹೆಚ್ಚಾಗಿ ತೆರೆಯುವುದು ಅವನ್ನೇ.