ಬೀರುವಿನ ಖಣ, ಹಳೇ ಕುರ್ಚಿ

ನಮ್ಮ ಊಟದ ಮೇಜಿನ ನಾಲ್ಕು ಸಾಗುವಾನಿ ಕುರ್ಚಿಗಳ ಮರಕ್ಕೆ ಏನೂ ಆಗಿರಲಿಲ್ಲ. ಸೀಟಿನ ರೆಕ್ಸಿನ್ ಮಾತ್ರ ಹಪ್ಪಳದ ಹಾಗೆ ಬಿರಿದು, ಎದ್ದಾಗಲೆಲ್ಲ ಅದರ ಚೂರು ಬಟ್ಟೆಗೆ ಅಂಟುತ್ತಿತ್ತು. ಬೀರುವಿನಲ್ಲಿ ನೋಡಿದರೆ ಉಡಿ ತುಂಬಿದಾಗ ಬಂದ ಗುಳೇದಗುಡ್ಡದ ಖಣಗಳು, ಅಂದರೆ ರವಿಕೆ ಬಟ್ಟೆಗಳು, ಸುಮ್ನೆ ಬಿದ್ದಿದ್ದವು. ಸೀಟಿಗೆ ಅವನ್ನೇ ಹೊದಿಸೋಣ ಅನ್ನಿಸಿತು, ಆದರೆ ಖಣದ ಮೇಲೆ ಕೂರೋದಾ ಅಂತ ಅಳುಕು. ಅತ್ತೆಯನ್ನೇ ಕೇಳಿದೆ. "ಹುಳಾ ತಿನ್ನೂದಕ್ಕಿಂತ ಚಲೋ ಅಲ್ಲೇನು, ಹಾಕು" ಅಂದರು.

ಕುರ್ಚಿ ತಲೆಕೆಳಗು ಮಾಡಿ ನಾಲ್ಕು ಸ್ಕ್ರೂ ಬಿಚ್ಚಿದರೆ ಸೀಟು ಕೈಗೇ ಬಂತು. ಹಳೇ ರೆಕ್ಸಿನ್ನಿನ ಪಿನ್ನುಗಳನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ, ಇಕ್ಕಳದಲ್ಲಿ ಕೀಳೋದಕ್ಕೇ ಒಂದು ಮಧ್ಯಾಹ್ನ ಹೋಯಿತು. ಒಳಗಿನ ಫೋಮ್ ಮುಟ್ಟಿದರೆ ಪುಡಿ. 2 ಇಂಚು ದಪ್ಪದ ಹೊಸದು ತಂದು, ಬ್ರೆಡ್ ಕೊಯ್ಯುವ ಚಾಕುವಿನಲ್ಲಿ ಅಳತೆಗೆ ಕೊಯ್ದೆ.

ಖಣ ರವಿಕೆಗೆ ನೇಯ್ದ ಬಟ್ಟೆ, ಕೂರುವ ಭಾರಕ್ಕಲ್ಲ. ಕತ್ತರಿಸಿದ ಅಂಚಿನಿಂದ ಎಳೆ ಬೇರೆ ಬಿಡುತ್ತದೆ. ಅದಕ್ಕೇ ದಪ್ಪ ಕೋರಾ ಬಟ್ಟೆಯನ್ನು ಒಗೆದು, ಇಸ್ತ್ರಿ ಮಾಡಿ, ಖಣದ ಕೆಳಗಿಟ್ಟು ಸುತ್ತ ಹೊಲಿದುಕೊಂಡೆ. ಎಳೆತವೆಲ್ಲ ಕೋರಾ ತಡೆಯಲಿ ಅಂತ. 17 ಇಂಚಿನ ಚೌಕ ಸೀಟಿಗೆ, ಫೋಮಿನ ದಪ್ಪ, ಕೆಳಗೆ ಮಡಚೋದು ಎಲ್ಲ ಸೇರಿ 26 ಇಂಚು ಬೇಕಾಯಿತು.

ಮೊದಲನೇ ಸೀಟು ಕೆಡಿಸಿದೆ. ಒಂದು ಬದಿಗೆ ಪೂರ್ತಿ ಪಿನ್ ಹೊಡೆದು, ಆಮೇಲೆ ಎದುರು ಬದಿಯನ್ನು ಬಿಗಿಯಾಗಿ ಎಳೆದೆ. ತಿರುಗಿಸಿ ನೋಡಿದರೆ ಖಣದಲ್ಲಿ ನೇಯ್ದ ತೇರಿನ ಚಿತ್ರಗಳೆಲ್ಲ ಎಡಕ್ಕೆ ವಾಲಿವೆ! ಅತ್ತೆ ಬಂದು ನೋಡಿ, "ಹಗ್ಗ ಒಂದ ಕಡೆಯಿಂದ ಜಗ್ಗಿದ್ಯೇನು?" ಅಂದರು.

ನಿಜವಾಗಿ ತಪ್ಪಾಗಿದ್ದೇ ಅದು. ಎಲ್ಲ ಕಿತ್ತು ಮತ್ತೆ ಶುರು ಮಾಡಿದೆ. ಮುಂದಿನ ಬದಿಯ ನಡುವೆ ಒಂದು ಪಿನ್, ಅದರ ಎದುರಿಗೆ ಒಂದು. ಎಡಕ್ಕೊಂದು, ಬಲಕ್ಕೊಂದು. ಆಮೇಲೆ ಎರಡೆರಡು ಬೆರಳು ಸರಿಯುತ್ತಾ ಮೂಲೆಗೆ ಹೋಗೋದು. ಪ್ರತಿ ಸಲವೂ ತಿರುಗಿಸಿ ತೇರು ನೆಟ್ಟಗಿದೆಯಾ ನೋಡೋದು. ಮೂಲೆಯ ಬಟ್ಟೆಯನ್ನು ಸೀರೆ ನೆರಿಗೆಯ ಹಾಗೆ ಎರಡು ಮಡಿಕೆ ಮಾಡಿ, ಜಾಸ್ತಿ ಆಗಿದ್ದನ್ನು ಕತ್ತರಿಸಿ ಪಿನ್ ಹೊಡೆದೆ. ಸ್ಟೇಪಲ್ ಗನ್ ಒತ್ತಿ ಒತ್ತಿ ಅಂಗೈ ಬೊಬ್ಬೆ ಬಂತು, ಅದು ಬೇರೆ ಮಾತು.

ಒಂದೇ ತೊಂದರೆ, ಈ ಕವರನ್ನು ಬಿಚ್ಚಿ ಒಗೆಯುವ ಹಾಗಿಲ್ಲ. ಸಾರು ಚೆಲ್ಲುವ ಮಗನಿಗೆ ಸದ್ಯಕ್ಕೆ ಪ್ಲಾಸ್ಟಿಕ್ ಸ್ಟೂಲೇ ಗತಿ.