ಅಮೆರಿಕದ ಕಾಲೇಜಿನಲ್ಲಿ ಮೊದಲ ವರ್ಷ: ಸೈನ್ಸ್ ಓದುವ ಮಕ್ಕಳು ಯಾವ ಕೋರ್ಸ್ ತಗೊಳ್ಳಬೇಕು?

ನನ್ನ ಅಣ್ಣನ ಮಗಳು ನಾನಿರುವ ಅಮೆರಿಕದ ಕಾಲೇಜಿನ ಕೋರ್ಸ್ ಆರಿಸಿಕೊಂಡಿದ್ದು ಜುಲೈ ತಿಂಗಳ ಒಂದು ಸಂಜೆ, ತೀರ್ಥಹಳ್ಳಿ ಹತ್ತಿರದ ನಮ್ಮ ಊರಲ್ಲಿ. ರಿಜಿಸ್ಟ್ರೇಷನ್ ಶುರುವಾಗುವುದು ಇಲ್ಲಿ ಬೆಳಿಗ್ಗೆ 9ಕ್ಕೆ, ಅಂದರೆ ಅಲ್ಲಿ ಸಂಜೆ 6.30. ಮಳೆಗೆ ಕರೆಂಟ್ ಹೋಗಿ ಎರಡು ದಿನ ಆಗಿತ್ತು. ತೋಟದ ಮೇಲಿನ ಗುಡ್ಡದಲ್ಲಿ ಮಾತ್ರ ಸಿಗ್ನಲ್. ಅಣ್ಣ ಕೊಡೆ ಹಿಡಿದು ನಿಂತಿದ್ದ, ಇವಳು ಮೊಬೈಲಲ್ಲಿ ಒತ್ತುತ್ತಾ ಹೋದಳು. ಸೀಟು ತುಂಬಿ ಹೋದೀತು ಅನ್ನುವ ಗಾಬರಿಯಲ್ಲಿ ಪಿಯುಸಿಯ ನಾಲ್ಕೂ ವಿಷಯ ಹಿಡಿದುಬಿಟ್ಟಳು. ಕ್ಯಾಲ್ಕುಲಸ್ 2, ಕೆಮಿಸ್ಟ್ರಿ, ಫಿಸಿಕ್ಸ್, ಬಯಾಲಜಿ. ಒಟ್ಟು 16 ಕ್ರೆಡಿಟ್ (ಕೋರ್ಸಿನ ಭಾರ ಅಳೆಯುವ ಲೆಕ್ಕ), ಅದರಲ್ಲಿ ಮೂರು ಲ್ಯಾಬ್.

"ಅತ್ತೆ, ಎಲ್ಲಾ ಸಿಕ್ತು" ಅಂತ ರಾತ್ರಿ ಮೆಸೇಜ್ ಬಂತು. ಆಗಲೇ ನಾನು ತಡೆಯಬೇಕಿತ್ತು. ಹಾಗಾಗಿ ಈ ವರ್ಷ ಹೊರಡುವ ಮಕ್ಕಳಿಗೂ ಅವರ ಅಪ್ಪ ಅಮ್ಮನಿಗೂ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಾಲದಲ್ಲಿ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿಗೆ ಸೇರುವಾಗ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) ಅಥವಾ ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝೂವಾಲಜಿ) ಅಂತ ಒಂದು ಕಾಂಬಿನೇಷನ್ ಹಿಡಿದರೆ ಮುಗಿಯಿತು. ಟೈಮ್‌ಟೇಬಲ್ ಕಾಲೇಜೇ ಕೊಡುತ್ತಿತ್ತು. ಇಲ್ಲಿ ಪ್ರತಿ ಸೆಮಿಸ್ಟರ್‌ಗೂ ನೀವೇ ಕೂಡಿಸಿಕೊಳ್ಳಬೇಕು. ಡಿಗ್ರಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು, ಎಂಟು ಸೆಮಿಸ್ಟರ್‌ಗೆ ಹಂಚಿದರೆ ತಲಾ 15. ಎಫ್-1, ಅಂದರೆ ವಿದ್ಯಾರ್ಥಿ ವೀಸಾದಲ್ಲಿ ಬಂದವರು ಸೆಮಿಸ್ಟರ್‌ಗೆ 12ಕ್ಕಿಂತ ಕಡಿಮೆ ಮಾಡುವ ಹಾಗಿಲ್ಲ. ಒಂದು ಕ್ರೆಡಿಟ್‌ಗೆ ವಾರಕ್ಕೆ ಒಂದು ಗಂಟೆ ಕ್ಲಾಸ್, ಅದರ ಮೇಲೆ ಎರಡು ಗಂಟೆ ಓದು ಅಂತ ಲೆಕ್ಕ. 15 ಕ್ರೆಡಿಟ್ ಅಂದರೆ ವಾರಕ್ಕೆ 45 ಗಂಟೆ ಆಯ್ತಲ್ವಾ?

ಈ ಲೆಕ್ಕ ತಪ್ಪುವುದು ಲ್ಯಾಬ್‌ನಲ್ಲಿ. ಪಟ್ಟಿಯಲ್ಲಿ ಅದು ಒಂದೇ ಕ್ರೆಡಿಟ್. ಆದರೆ ಒಳಗೆ ಸುಮಾರು ಮೂರು ಗಂಟೆ ನಿಲ್ಲಬೇಕು, ಹೋಗುವ ಮುಂಚೆ ಓದಿಕೊಂಡಿರಬೇಕು, ಬಂದ ಮೇಲೆ ರಿಪೋರ್ಟ್ ಬರೆಯಬೇಕು. ನಮ್ಮ ರೆಕಾರ್ಡ್ ಬುಕ್ ತರ ಸೀನಿಯರ್‌ದು ನೋಡಿ ಇಳಿಸಿದರೆ ಇಲ್ಲಿ ಅದು ಕಾಪಿ ಹೊಡೆದ ಹಾಗೆ. ವಿಚಾರಣೆಯೇ ಆಗುತ್ತದೆ. ಮೂರು ಲ್ಯಾಬ್ ಇದ್ದ ನಮ್ಮ ಹುಡುಗಿ ಅಕ್ಟೋಬರ್ ಹೊತ್ತಿಗೆ ಸೋತುಹೋದಳು. ರಾತ್ರಿ ಒಂದು ಗಂಟೆಗೆ ಫೋನ್ ಮಾಡಿ ಏನೂ ಮಾತಾಡದೆ ಅತ್ತಳು. ಪಿಯುಸಿಯಲ್ಲಿ ಒಳ್ಳೆ ಮಾರ್ಕ್ಸ್ ತೆಗೆದ ಮಗು.

ಹಾಗಾದರೆ ಏನು ತಗೊಳ್ಳಬೇಕು? ನನ್ನ ಮಾತು ಇಷ್ಟು: ಮೊದಲ ಸೆಮಿಸ್ಟರ್‌ಗೆ ಗಣಿತ, ಲ್ಯಾಬ್ ಇರುವ ಒಂದು ಸೈನ್ಸ್ (ತಪ್ಪಿದರೆ ಎರಡು, ಮೂರಂತೂ ಬೇಡ), ಇಂಗ್ಲಿಷ್ ಬರವಣಿಗೆಯ ಕೋರ್ಸ್, ಮತ್ತೆ ನಿಮಗೆ ಮನಸ್ಸಿರುವುದು ಒಂದು.

ಆ ಸೈನ್ಸ್ ಯಾವುದು ಅನ್ನುವುದಕ್ಕೆ ಸರಪಳಿ ನೋಡಿ. ಒಂದು ಕೋರ್ಸ್ ಮುಗಿಸದೆ ಮುಂದಿನದಕ್ಕೆ ಬಿಡುವುದಿಲ್ಲ. ಜನರಲ್ ಕೆಮಿಸ್ಟ್ರಿ 1 ಆದರೆ 2, ಆಮೇಲೆ ಎರಡನೇ ವರ್ಷ ಆರ್ಗ್ಯಾನಿಕ್, ಅದಾದ ಮೇಲೆ ಬಯೋಕೆಮಿಸ್ಟ್ರಿ. ಮೊದಲನೆಯದನ್ನು ಮುಂದೂಡಿದರೆ ಅದರ ನಂತರದ್ದೆಲ್ಲ ಒಂದು ವರ್ಷ ಜಾರಬಹುದು. ಬಯಾಲಜಿ, ಕೆಮಿಸ್ಟ್ರಿ ಕಡೆ ಹೋಗುವವರು ಕೆಮಿಸ್ಟ್ರಿಯನ್ನು ಬಂದ ಕೂಡಲೇ ಹಿಡಿಯಬೇಕು. ಫಿಸಿಕ್ಸ್ ಅವರಿಗೆ ಎರಡನೇ ವರ್ಷಕ್ಕೆ ಇರಲಿ. ಫಿಸಿಕ್ಸ್ ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಆದವರು ಮಾತ್ರ ಮೊದಲ ವರ್ಷವೇ ಶುರು ಮಾಡಬೇಕು, ಅದೂ ಕ್ಯಾಲ್ಕುಲಸ್ ಬಳಸುವ ಫಿಸಿಕ್ಸ್. ಬೀಜಗಣಿತ ಮಾತ್ರ ಬಳಸುವ ಇನ್ನೊಂದು ಇದೆ, ಹೆಸರು ಹತ್ತಿರಹತ್ತಿರ ಒಂದೇ ತರ ಇರುತ್ತದೆ. ಹುಷಾರು.

ಗಣಿತದಲ್ಲಿ ನಮ್ಮ ಮಕ್ಕಳು ಜಾಸ್ತಿ ಎಡವುತ್ತಾರೆ. ಸೆಕೆಂಡ್ ಪಿಯುಸಿಯಲ್ಲಿ ಡಿಫರೆನ್ಸಿಯೇಷನ್, ಇಂಟಿಗ್ರೇಷನ್ ಎರಡೂ ಆಗಿರುತ್ತದೆ, ಕ್ಯಾಲ್ಕುಲಸ್ 1 ಯಾಕೆ ಬೇಕು ಅಂತ ಹಾರಿಬಿಡುತ್ತಾರೆ. ಯಾವ ಮಟ್ಟದ ಕೋರ್ಸ್‌ನಲ್ಲಿ ಕೂರಬೇಕು ಅಂತ ನೋಡುವ ಕಾಲೇಜಿನ ಪ್ಲೇಸ್‌ಮೆಂಟ್ ಟೆಸ್ಟ್ ಇದ್ದರೆ ಯಾರ ಸಹಾಯವೂ ಇಲ್ಲದೆ ಬರೆಯಿರಿ, ಅದು ಹೇಳಿದ ಕಡೆ ಕೂರಿ. ಗೊತ್ತಿರುವ ಪಾಠವನ್ನೇ ಹೊಸ ದೇಶದಲ್ಲಿ, ಹೊಸ ಉಚ್ಚಾರಣೆಯಲ್ಲಿ ಇನ್ನೊಂದು ಸಲ ಕೇಳಿದರೆ ನಷ್ಟ ಇಲ್ಲ.

"ಸೈನ್ಸ್ ಓದೋಳಿಗೆ ಹಿಸ್ಟರಿ, ಪ್ರಬಂಧ ಯಾಕೆ?" ಅಂತ ಅಣ್ಣ ಕೇಳಿದ್ದ. ಜನರಲ್ ಎಜುಕೇಷನ್ ಅಂತ ಕಡ್ಡಾಯವಾಗಿ ಒಂದಷ್ಟು ಇರುತ್ತದೆ, ತಪ್ಪಿಸುವ ಹಾಗಿಲ್ಲ. ದಂಡ ಅಂದುಕೊಳ್ಳಬೇಡಿ. ಎರಡನೇ ಸೆಮಿಸ್ಟರ್‌ನಲ್ಲಿ ಇವಳು ರೋಗ ಮತ್ತು ಸಮಾಜ ಅನ್ನುವ ವಿಷಯದ ಬರವಣಿಗೆ ಕೋರ್ಸ್ ತಗೊಂಡಳು. ಪ್ರಬಂಧಕ್ಕೆ ಆರಿಸಿದ್ದು ನಮ್ಮ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿ, ಆ ಕಾಡಿನ ಹೆಸರಲ್ಲೇ ಜಗತ್ತಿಗೆ ಗೊತ್ತಾದ ಜ್ವರ. ಮಂಗ ಸತ್ತು ಬಿದ್ದ ಕಡೆ ಸೊಪ್ಪಿಗೆ ಹೋಗಬೇಡ ಅಂತ ಅಜ್ಜಿ ಹೇಳುತ್ತಿದ್ದುದನ್ನು, ಉಣುಗು ಕಚ್ಚದಿರಲಿ ಅಂತ ಕೈಕಾಲಿಗೆ ಎಣ್ಣೆ ಹಚ್ಚುತ್ತಿದ್ದುದನ್ನು ಬರೆದಳು. ಮೇಷ್ಟ್ರು ಕರೆದು ಅರ್ಧ ಗಂಟೆ ಮಾತಾಡಿಸಿದರಂತೆ. ಈಗ ಮೈಕ್ರೋಬಯಾಲಜಿ ಓದುತ್ತಿದ್ದಾಳೆ.

ಭಾರ ಜಾಸ್ತಿ ಆಯಿತು ಅನ್ನಿಸಿದರೆ ಬೇಗ ಹೇಳಿಕೊಳ್ಳಿ. ಮೊದಲ ಒಂದೆರಡು ವಾರ ಕೋರ್ಸ್ ಬಿಟ್ಟರೆ ಅಂಕಪಟ್ಟಿಯಲ್ಲಿ ಗುರುತೂ ಉಳಿಯುವುದಿಲ್ಲ. ಆಮೇಲೆ ಒಂದು ಗಡುವಿನ ತನಕ ಬಿಟ್ಟರೆ 'ಡಬ್ಲ್ಯೂ' (ವಿತ್‌ಡ್ರಾ, ಅಂದರೆ ನಡುವೆ ಬಿಟ್ಟಿದ್ದು) ಬೀಳುತ್ತದೆ. ಅದು ಫೇಲ್ ಅಲ್ಲ, ಜಿಪಿಎಗೆ, ಅಂದರೆ ಗ್ರೇಡ್‌ಗಳ ಸರಾಸರಿಗೆ, ಸೇರುವುದಿಲ್ಲ. ಇವಳು ಫಿಸಿಕ್ಸ್ ಬಿಟ್ಟಳು, ಸರಿಯಾಗಿ 12 ಉಳಿಯಿತು. ಅದಕ್ಕಿಂತ ಕೆಳಗೆ ಇಳಿಯುವ ಪರಿಸ್ಥಿತಿ ಬಂದರೆ ಬಿಡುವ ಮುಂಚೆಯೇ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಆಫೀಸಿಗೆ ಹೋಗಿ ಒಪ್ಪಿಗೆ ತಗೊಳ್ಳಿ. ಬಿಟ್ಟ ಮೇಲೆ ಹೋದರೆ ವೀಸಾಕ್ಕೇ ತೊಂದರೆ.

ರಿಜಿಸ್ಟ್ರೇಷನ್ ದಿನ ಮಲೆನಾಡಿನಲ್ಲೇ ಇರುತ್ತೀರಾದರೆ, ಆವತ್ತು ಶಿವಮೊಗ್ಗದಲ್ಲಿ ನೆಂಟರ ಮನೆಗೆ ಹೋಗಿ ಕೂರಿ. ಬೇಕಾದ ನಾಲ್ಕೈದು ಕೋರ್ಸ್, ಸಿಗದಿದ್ದರೆ ಅಂತ ಇನ್ನು ಮೂರು, ನಂಬರ್ ಸಮೇತ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಆ ಕಾಗದದ ಫೋಟೋ ತೆಗೆದು ಒಂದು ವಾರ ಮುಂಚೆಯೇ ನಿಮ್ಮ ಅಡ್ವೈಸರ್‌ಗೆ (ಕೋರ್ಸ್ ಆರಿಸಲು ಸಲಹೆ ಕೊಡುವ ಕಾಲೇಜಿನವರು) ಈಮೇಲ್ ಮಾಡಿ.